ಟೇ ನದಿಯ ಮೇಲಿನ ವೇಡ್ ಸೇತುವೆ: ಆ ನಾಲ್ಕು ಕಂಬ ಏಕೆ?

ಪರ್ತ್‌ವಾಸಿ:
ಎಲ್ಲರಿಗೂ ನಮಸ್ಕಾರ. ನಾನು ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ನರ್ಸ್. ತಿಪಟೂರಿನಿಂದ ಅಮ್ಮ ಬಂದಿದ್ದಾರೆ. ಅವರಿಗೆ ಇಲ್ಲಿನ ಕೋಟೆ, ಅರಮನೆ ಏನು ತೋರಿಸಿದರೂ "ಮೈಸೂರಿನದೇ ಚೆಂದ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಾಗಾಗಿ ಕಳೆದ ಶನಿವಾರ ಅರಮನೆಗಳ ಸಹವಾಸ ಬಿಟ್ಟು, ಬಸ್ ಹತ್ತಿ ಅಬರ್‌ಫೆಲ್ಡಿಗೆ ಹೋದೆವು. ಇಲ್ಲಿಂದ ಸುಮಾರು ಐವತ್ತು ಕಿಲೋಮೀಟರ್. ಎರಡು ಸಾವಿರ ಜನರೂ ಇರಲಾರದ ಪುಟ್ಟ ಪಟ್ಟಣ. ಚೌಕ, ನಾಲ್ಕು ಅಂಗಡಿ, ಊರಾಚೆ ಒಂದು ವಿಸ್ಕಿ ಭಟ್ಟಿ, ಊರ ಅಂಚಿನಲ್ಲಿ ಟೇ ನದಿ.

ಆ ನದಿಯ ಮೇಲೆ ಒಂದು ಕಲ್ಲಿನ ಸೇತುವೆ ಇದೆ. ಐದು ಕಮಾನು. ನಡುವಿನದು ದೊಡ್ಡದು, ಅಕ್ಕಪಕ್ಕದವು ದಡದತ್ತ ಹೋದಂತೆ ಸಣ್ಣದಾಗುತ್ತವೆ. ದಾರಿ ಎತ್ತಿನ ಭುಜದ ಹಾಗೆ ನಡುವೆ ಉಬ್ಬಿದೆ. ಎದುರಿನಿಂದ ಬರುವ ಕಾರು ಕಾಣುವುದಿಲ್ಲ, ಅಗಲವೂ ಒಂದು ಗಾಡಿಗೆ ಸಾಕಾಗುವಷ್ಟೇ, ಆದ್ದರಿಂದ ಎರಡೂ ತುದಿಗೆ ಟ್ರಾಫಿಕ್ ಸಿಗ್ನಲ್ ನಿಲ್ಲಿಸಿದ್ದಾರೆ. ನಡುಗಮಾನಿನ ಮೇಲಿನ ಗೋಡೆಗಳಲ್ಲಿ ಎರಡು ಈ ಕಡೆ, ಎರಡು ಆ ಕಡೆ, ಒಟ್ಟು ನಾಲ್ಕು ಚೂಪು ಕಂಬಗಳು. ಅಮ್ಮ ತಲೆಯೆತ್ತಿ ನೋಡಿ, "ಗರುಡಗಂಬ ನಾಲ್ಕು ನೆಟ್ಟಿದ್ದಾರೆ, ಗುಡಿ ಎಲ್ಲಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಗೋಡೆಯಲ್ಲಿ ಹುದುಗಿಸಿರುವ ಫಲಕದ ಪ್ರಕಾರ ಕಟ್ಟಿದ ವರ್ಷ 1733. ಅಂದರೆ 290 ವರ್ಷ ದಾಟಿದೆ. ಇವತ್ತಿಗೂ ಬಸ್ಸು, ಲಾರಿ ಅದರ ಮೇಲೆಯೇ ಓಡಾಡುತ್ತವೆ. ಈ ಕಂಬಗಳು ಏಕೆ, ಇಷ್ಟು ವರ್ಷ ಅದು ನಿಂತದ್ದು ಹೇಗೆ, ತಿಳಿದವರು ಹೇಳಬೇಕು. ಅಮ್ಮನಿಗೆ ಉತ್ತರ ಕೊಡದಿದ್ದರೆ ನನಗೆ ಮನೆಯಲ್ಲಿ ನೆಮ್ಮದಿಯಿಲ್ಲ.

ಸಂಶಯಪ್ಪ:
ಟೇ ಸೇತುವೆ ಎಂದರೆ ರೈಲಿನ ಸಮೇತ ನದಿಗೆ ಬಿದ್ದು ಹೋದದ್ದಲ್ಲವೇ? ಶಾಲೆಯಲ್ಲಿ ಓದಿದ ನೆನಪು. ಬಿದ್ದ ಸೇತುವೆ ಮೇಲೆ ನೀವು ಹೇಗೆ ನಡೆದಿರಿ?

ನಿವೃತ್ತ_ಇಂಜಿನಿಯರ್:
ಸಂಶಯಪ್ಪನವರೇ, ಅದು ಬೇರೆ. ನೀವು ಹೇಳುವುದು ಡಂಡೀ ಪಟ್ಟಣದ ಬಳಿ, ಟೇ ನದಿ ಸಮುದ್ರ ಸೇರುವ ಅಗಲವಾದ ಅಳಿವೆಯಲ್ಲಿ ಇದ್ದ ರೈಲು ಸೇತುವೆ. 1878ರಲ್ಲಿ ತೆರೆದು 1879ರ ಡಿಸೆಂಬರ್ 28ರ ಬಿರುಗಾಳಿಯಲ್ಲಿ ಬಿತ್ತು. ರೈಲಿನಲ್ಲಿದ್ದ ಸುಮಾರು 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿನ್ಯಾಸ ಥಾಮಸ್ ಬೌಚ್ ಅವರದು. ಗಾಳಿಯ ಒತ್ತಡವನ್ನು ಸರಿಯಾಗಿ ಲೆಕ್ಕ ಹಿಡಿದಿರಲಿಲ್ಲ, ಎರಕದ ಕಬ್ಬಿಣದ ಕೆಲಸವೂ ಕಳಪೆ. ನಮ್ಮ ಕಾಲದಲ್ಲಿ ಇಂಜಿನಿಯರಿಂಗ್ ಓದಿದವರಿಗೆಲ್ಲ ಮೇಷ್ಟರು ಇದನ್ನು ಹೆದರಿಸುವುದಕ್ಕೆಂದೇ ಹೇಳುತ್ತಿದ್ದರು.

ಅಬರ್‌ಫೆಲ್ಡಿಯದು ಅದಕ್ಕಿಂತ ಸುಮಾರು ಒಂದೂವರೆ ಶತಮಾನ ಹಿರಿಯದು. ಅದನ್ನೂ ಹಳೆಯ ಕಾಗದಪತ್ರಗಳಲ್ಲಿ "ಟೇ ಸೇತುವೆ" ಎಂದೇ ಕರೆಯುತ್ತಾರೆ. ಕಾರಣ ಸರಳ: ಆಗ ಆ ನದಿಗೆ ಬೇರೆ ಸೇತುವೆಯೇ ಇರಲಿಲ್ಲ. ಪರ್ತ್‌ನಲ್ಲಿದ್ದ ಹಳೆಯ ಸೇತುವೆ 1621ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅಲ್ಲಿ ಮತ್ತೆ ಸೇತುವೆಯಾದದ್ದು 1771ರಲ್ಲಿ, ಜಾನ್ ಸ್ಮೀಟನ್ ಕೈಯಲ್ಲಿ. ನಡುವಿನ ನೂರೈವತ್ತು ವರ್ಷ ಪರ್ತ್‌ನವರು ದೋಣಿಯನ್ನೇ ನಂಬಿದ್ದರು. ಹಾಗಾಗಿ ಮೇಡಂ, ನಿಮ್ಮ ಮನೆಯ ಹತ್ತಿರದ ಸೇತುವೆಗೆ ನೀವು ನೋಡಿ ಬಂದದ್ದು ಅಕ್ಕನಾಗಬೇಕು.

ಹಳೇಪುಟ:
ಕಟ್ಟಿಸಿದವನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಅದು ತಿಳಿಯದೆ ಕಂಬದ ಉತ್ತರ ಹೊಳೆಯುವುದಿಲ್ಲ.

ಜನರಲ್ ಜಾರ್ಜ್ ವೇಡ್ ಐರ್ಲೆಂಡಿನಲ್ಲಿ ಹುಟ್ಟಿದವನು, ಬ್ರಿಟಿಷ್ ಸೈನ್ಯದ ಅಧಿಕಾರಿ. ಪದಚ್ಯುತನಾಗಿದ್ದ ಸ್ಟುವರ್ಟ್ ರಾಜವಂಶವನ್ನು ಮತ್ತೆ ಪಟ್ಟಕ್ಕೆ ತರಬೇಕೆಂದು ಹೋರಾಡುತ್ತಿದ್ದವರಿಗೆ ಜಾಕೊಬೈಟರು ಎಂದು ಹೆಸರು. ಅವರು 1715ರಲ್ಲಿ ಒಮ್ಮೆ, 1719ರಲ್ಲಿ ಮತ್ತೊಮ್ಮೆ ದಂಗೆಯೆದ್ದರು. ಅವರಿಗೆ ಹೆಚ್ಚಿನ ಬಲ ಬರುತ್ತಿದ್ದದ್ದು ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಿಂದ. ಲಂಡನ್ನಿನ ಸೈನ್ಯಕ್ಕೆ ಅಲ್ಲಿಗೆ ಹೋಗಲು ದಾರಿಯೇ ಇಲ್ಲ. ಕುರಿದನ ಹೋಗುವ ಕಾಲುದಾರಿಯಲ್ಲಿ ಫಿರಂಗಿ ಎಳೆಯಲಾಗುವುದಿಲ್ಲ. 1724ರಲ್ಲಿ ವೇಡ್‌ನನ್ನು ಪರಿಸ್ಥಿತಿ ನೋಡಿ ಬಾ ಎಂದು ಕಳುಹಿಸಿದರು. ಅವನು ಕೊಟ್ಟ ಔಷಧ ಮೂರು ಬಗೆಯದು: ಕೋಟೆ ಕಟ್ಟುವುದು, ಗುಡ್ಡಗಾಡಿನವರನ್ನೇ ಸೇರಿಸಿ ಕಾವಲು ಪಡೆ ಮಾಡುವುದು, ರಸ್ತೆ ಹಾಕುವುದು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 250 ಮೈಲಿ ರಸ್ತೆ, ಸುಮಾರು 40 ಸೇತುವೆ ಆದವು. ರಸ್ತೆಗೆ ಮಣ್ಣು ಹೊತ್ತವರು ಸಿಪಾಯಿಗಳೇ. ಸಂಬಳದ ಮೇಲೆ ದಿನಕ್ಕೆ ಆರು ಪೆನ್ನಿ ಹೆಚ್ಚುವರಿ ಕೂಲಿ.

ಆ ನಲವತ್ತರಲ್ಲಿ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಹೆಚ್ಚು ಹಣ ನುಂಗಿದ್ದು ಅಬರ್‌ಫೆಲ್ಡಿಯದು. ನಾಲ್ಕು ಸಾವಿರ ಪೌಂಡ್ ದಾಟಿತು. ಅಂದುಕೊಂಡದ್ದಕ್ಕಿಂತ ಖರ್ಚು ಜಾಸ್ತಿಯಾಯಿತು ಎಂದು ವೇಡ್‌ನೇ ಗೊಣಗಿದ್ದಾನೆ. ಅಂದಾಜು ಪಟ್ಟಿ ಮೀರುವ ರೋಗ ನಮ್ಮ ಕಾಲದ್ದಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ವಿನ್ಯಾಸ ವಿಲಿಯಂ ಆಡಂ ಅವರದು, ಆ ಕಾಲದ ಸ್ಕಾಟ್ಲೆಂಡಿನ ಅತಿ ದೊಡ್ಡ ವಾಸ್ತುಶಿಲ್ಪಿ. ಅವರ ಮಗ ರಾಬರ್ಟ್ ಆಡಂ ಮುಂದೆ ಅಪ್ಪನನ್ನೂ ಮೀರಿಸಿ ಹೆಸರು ಮಾಡಿದರು. ಮೇಸ್ತ್ರಿಗಳನ್ನೂ ಬಡಗಿಗಳನ್ನೂ ಇಂಗ್ಲೆಂಡಿನ ಉತ್ತರದ ಜಿಲ್ಲೆಗಳಿಂದ ಕರೆಸಿದ್ದರು.

ಈಗ ಕಂಬಕ್ಕೆ ಬರೋಣ. ಚೂಪು ಕಂಬ, ಅಂದರೆ ಒಬೆಲಿಸ್ಕ್, ಹುಟ್ಟಿದ್ದು ಈಜಿಪ್ಟಿನಲ್ಲಿ. ರೋಮನ್ನರು ಅದನ್ನು ಗೆದ್ದು ತಂದು ತಮ್ಮ ಊರಿನ ಚೌಕಗಳಲ್ಲಿ ನೆಟ್ಟರು. ಅಲ್ಲಿಂದ ಮುಂದೆ ಯುರೋಪಿನಲ್ಲಿ ಅದು ವಿಜಯದ ಗುರುತಾಯಿತು. ನಿಮ್ಮ ತಾಯಿಯವರಿಗೆ ಹೀಗೆ ಹೇಳಿ: ಗುಡಿ ಇಲ್ಲ, ಇದು ಜಯಸ್ತಂಭ. ಸೇತುವೆ ದಾಟುವ ಗುಡ್ಡಗಾಡಿನವನು ಪ್ರತಿ ಸಲವೂ ಯಾರು ಗೆದ್ದರು ಎಂದು ನೆನೆಸಿಕೊಳ್ಳಲಿ ಎಂದು.

ಕಾಲುದಾರಿ:
ಅಷ್ಟೊಂದು ಗೌರವ ಕೊಡಬೇಕಾಗಿಲ್ಲ. 1819ರಲ್ಲಿ ಇಂಗ್ಲಿಷ್ ಕವಿ ರಾಬರ್ಟ್ ಸದಿ ಇಲ್ಲಿಗೆ ಬಂದಿದ್ದ, ಜೊತೆಗೆ ಸೇತುವೆಗಳ ಸಾಮ್ರಾಟ ಥಾಮಸ್ ಟೆಲ್ಫರ್ಡ್. ದೂರದಿಂದ ಚೆಂದ, ಹತ್ತಿರ ಹೋದರೆ ದರಿದ್ರ ಎಂಬ ಅರ್ಥದಲ್ಲಿ ಸದಿ ಬರೆದಿಟ್ಟ. ನಾಲ್ಕು ಕಂಬಗಳು ಅರ್ಥವಿಲ್ಲದವು, ಪಕ್ಕದ ಗೋಡೆ ಎಷ್ಟು ಎತ್ತರವೆಂದರೆ ನದಿಯೇ ಕಾಣುವುದಿಲ್ಲ ಎಂದು ಅವನ ದೂರು. ಗೋಡೆಯ ವಿಷಯದಲ್ಲಿ ನಾನು ಅವನ ಪಕ್ಷ. ಎರಡು ವರ್ಷದ ಹಿಂದೆ ನಾನು ಅಲ್ಲಿ ಹೋದಾಗ ನದಿ ನೋಡಲು ತುದಿಗಾಲಿನ ಮೇಲೆ ನಿಲ್ಲಬೇಕಾಯಿತು. ಸೇತುವೆ ನೋಡಬೇಕಾದರೆ ಅದರ ಮೇಲೆ ಹೋಗಬೇಡಿ, ಕೆಳಗೆ ದಡಕ್ಕೆ ಇಳಿಯಿರಿ. ಸಾಲು ಪಾಪ್ಲರ್ ಮರಗಳ ಕಡೆಯಿಂದ, ಸಂಜೆ ಬಿಸಿಲಿನಲ್ಲಿ.

ಸಂಶಯಪ್ಪ:
ಬುನಾದಿಯೂ ಭದ್ರವಿಲ್ಲ ಎಂದು ಆ ಕವಿ ಬರೆದಿದ್ದಾನಲ್ಲ. ಇನ್ನೂರು ವರ್ಷದ ಹಿಂದೆಯೇ ಭದ್ರವಿಲ್ಲದ್ದು ಈಗ ಹೇಗೆ ನಿಂತಿದೆ?

ನಿವೃತ್ತ_ಇಂಜಿನಿಯರ್:
ಕವಿಗಳು ಬುನಾದಿಯ ಬಗ್ಗೆ ಮಾತಾಡಿದರೆ ಹೀಗೆಯೇ ಆಗುವುದು. (ಟೆಲ್ಫರ್ಡ್ ಪಕ್ಕದಲ್ಲಿ ನಿಂತು ಕಿವಿಯೂದಿರಬೇಕು. ಒಬ್ಬ ಇಂಜಿನಿಯರ್ ಇನ್ನೊಬ್ಬನ ಸೇತುವೆಯನ್ನು ಹೊಗಳಿದ್ದನ್ನು ನನ್ನ ಮೂವತ್ತೈದು ವರ್ಷದ ನೌಕರಿಯಲ್ಲಿ ನಾನು ಕಂಡಿಲ್ಲ.)

ವೇಡ್ ತನ್ನ ವರದಿಯಲ್ಲಿ ಕೊಟ್ಟಿರುವ ವಿವರ ಚಿಕ್ಕದು, ಆದರೆ ಬೇಕಾದದ್ದೆಲ್ಲ ಇದೆ. ಐದು ಕಮಾನು, ಉದ್ದ ಸುಮಾರು 400 ಅಡಿ, ನಡುಗಮಾನಿನ ಅಗಲ 60 ಅಡಿ. ನದಿಯೊಳಗೆ ನಿಂತು ಕಮಾನು ಹೊರುವ ಕಂಬಗಳೂ ದಡದ ಗೋಡೆಗಳೂ ಕೂತಿರುವುದು ಕಬ್ಬಿಣದ ಮೊನೆ ತೊಡಿಸಿದ ಮರದ ಗೂಟಗಳ ಮೇಲೆ. ಕಂಬಗಳ ಬುಡಕ್ಕೆ ಓಕ್ ಮರದ ರಕ್ಷಾಕವಚ.

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. ಕಲ್ಲಿನ ಸೇತುವೆ ಎಂದರೆ ಬುಡದವರೆಗೂ ಕಲ್ಲೇ ಎಂದುಕೊಳ್ಳುತ್ತಾರೆ. ಟೇ ನದಿಯ ತಳ ಅಲ್ಲಿ ಬಂಡೆಯಲ್ಲ, ಜಲ್ಲಿ. ಜಲ್ಲಿಯ ಮೇಲೆ ಭಾರ ಹೊರಿಸಿದರೆ ಒಂದು ಕಡೆ ಕುಸಿಯುತ್ತದೆ, ಇಲ್ಲವೇ ಪ್ರವಾಹ ಬಂದು ಬುಡವನ್ನು ಕೊರೆದು ಹಾಕುತ್ತದೆ. ಕಲ್ಲಿನ ಸೇತುವೆಗಳು ಸಾಮಾನ್ಯವಾಗಿ ತಲೆಯ ಮೇಲಿನ ಭಾರಕ್ಕೆ ಸಾಯುವುದಿಲ್ಲ, ಕಾಲಡಿಯ ಕೊರೆತಕ್ಕೆ ಸಾಯುತ್ತವೆ. ಆದ್ದರಿಂದ ಗೂಟಗಳನ್ನು ಒತ್ತೊತ್ತಾಗಿ ಜಲ್ಲಿಯೊಳಗೆ ಬಡಿದು, ಅದರ ಮೇಲೆ ಕಲ್ಲು ಕೂರಿಸುತ್ತಾರೆ. ಮರ ಕೊಳೆಯುವುದಿಲ್ಲವೇ ಎಂದು ಕೇಳುತ್ತೀರಿ. ಸದಾ ನೀರಿನೊಳಗೇ ಮುಳುಗಿರುವ ಮರಕ್ಕೆ ಗಾಳಿ ಸೋಕುವುದಿಲ್ಲ, ಗಾಳಿಯಿಲ್ಲದೆ ಕೊಳೆಸುವ ಶಿಲೀಂಧ್ರ ಬದುಕುವುದಿಲ್ಲ. ಒಮ್ಮೆ ಒದ್ದೆ, ಒಮ್ಮೆ ಒಣ ಎಂದಾದರೆ ಮಾತ್ರ ಮರಕ್ಕೆ ಆಯುಷ್ಯವಿಲ್ಲ. ನಮ್ಮಲ್ಲಿ ಹಳೆಯ ಬಾವಿಯ ತಳಕ್ಕೆ ಮರದ ಚೌಕಟ್ಟು ಇಳಿಸಿ ಅದರ ಮೇಲೆ ಕಲ್ಲು ಕಟ್ಟುತ್ತಿದ್ದದ್ದೂ ಇದೇ ಧೈರ್ಯದಲ್ಲಿ.

ಇನ್ನು ಮೇಲಿನದು. ಕಮಾನಿನ ಗುಟ್ಟು ಎಲ್ಲರಿಗೂ ಗೊತ್ತಿರುವುದೇ. ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ತಳ್ಳುತ್ತದೆ, ಯಾವುದಕ್ಕೂ ಬೀಳಲು ಜಾಗ ಸಿಗುವುದಿಲ್ಲ. ಕಲ್ಲು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಹುಸಿ. ಕಮಾನಿನಲ್ಲಿ ಎಳೆತವೇ ಇಲ್ಲ. ಲಾರಿ ಹೋದಷ್ಟೂ ಕಲ್ಲುಗಳು ಇನ್ನಷ್ಟು ಬಿಗಿದುಕೊಳ್ಳುತ್ತವೆ. ಕಷ್ಟವಿರುವುದು ಕಟ್ಟುವಾಗ. ಕೊನೆಯ ಕಲ್ಲು ಬೀಳುವವರೆಗೆ ಇಡೀ ಭಾರ ಕೆಳಗಿನ ಮರದ ಸೆಂಟ್ರಿಂಗ್ ಮೇಲೆ. ನಡುವೆ ನದಿ ಉಕ್ಕಿದರೆ ಕಥೆ ಮುಗಿಯಿತು. ಮೊದಲ ಕಲ್ಲು ಇಟ್ಟದ್ದು ಏಪ್ರಿಲ್ 23, ಕೆಲಸ ಮುಗಿದದ್ದು ಅದೇ ವರ್ಷ ಎಂದು ಫಲಕದಲ್ಲಿದೆ. 60 ಅಡಿ ಕಮಾನಿನ ಸೇತುವೆಗೆ ಇದು ಭಾರೀ ವೇಗ. ಕಸುಬಿನವನ ಊಹೆ ಹೇಳುವುದಾದರೆ, ಕಲ್ಲುಗಳನ್ನು ಮೊದಲೇ ಅಳತೆಗೆ ಕಡಿದು ಗುರುತು ಹಾಕಿ ಇಟ್ಟುಕೊಂಡಿರದೆ ಇದು ಆಗುವ ಮಾತಲ್ಲ.

ನಾಲ್ಕು ಕಂಬ? ಭಾರದ ದೃಷ್ಟಿಯಿಂದ ಅವು ಬೇಕೇ ಇಲ್ಲ. ಮದುವೆ ಮನೆಯ ಬಾಳೆಕಂಬದ ಹಾಗೆ. ಅಲ್ಲಿ ಸದಿಯ ಮಾತು ಒಪ್ಪುತ್ತೇನೆ.

ಬಳಪದಕಲ್ಲು:
ಕಲ್ಲು ಯಾವುದು ಎಂದು ಯಾರೂ ಹೇಳಲಿಲ್ಲ! ಹತ್ತಿರದ ಫಾರೊಕಿಲ್ ಎಂಬಲ್ಲಿನ ಕ್ವಾರಿಯದು, ಕ್ಲೋರೈಟ್ ಶಿಸ್ಟ್, ಬೂದು ಹಸಿರು ಬಣ್ಣ. ನಾನು ಭೂವಿಜ್ಞಾನ ಓದಿದವಳು, ಊರು ಹಾಸನ, ಆದ್ದರಿಂದ ಇದನ್ನು ಓದಿದಾಗ ಕುರ್ಚಿಯಿಂದ ಎದ್ದು ನಿಂತೆ. ಬೇಲೂರು, ಹಳೇಬೀಡಿನ ಹೊಯ್ಸಳ ಗುಡಿಗಳ ಕಲ್ಲೂ ಕ್ಲೋರೈಟ್ ಶಿಸ್ಟ್ ಬಳಗದ್ದೇ. ನಾವು ಬಳಪದ ಕಲ್ಲು ಎನ್ನುತ್ತೇವೆ. ನಮ್ಮದರಲ್ಲಿ ಬಳಪದ ಅಂಶ ಹೆಚ್ಚು, ಹಾಗಾಗಿ ಉಗುರಿಗೂ ಸಿಕ್ಕುವಷ್ಟು ಮೃದು. ಅದರಿಂದಲೇ ಶಿಲಾಬಾಲಿಕೆಯ ಕೊರಳ ಸರದ ಮಣಿಗಳನ್ನು ಎಣಿಸಬಹುದು. ಅಬರ್‌ಫೆಲ್ಡಿಯದು ಅದಕ್ಕಿಂತ ಗಟ್ಟಿ ಇರಬೇಕು, ಇಲ್ಲದಿದ್ದರೆ ಸೇತುವೆಗೆ ಬರುವುದಿಲ್ಲ. ಆದರೂ ಉಳಿಗೆ ಚೆನ್ನಾಗಿ ಬಗ್ಗುವ ಕಲ್ಲು.

ಪರ್ತ್‌ವಾಸಿ ಅಕ್ಕ, ಇನ್ನೊಮ್ಮೆ ಹೋದರೆ ನದಿದಂಡೆಯಲ್ಲಿ ಹಸಿರು ಛಾಯೆಯ ಒಂದು ಬಿಡಿಗಲ್ಲು ಎತ್ತಿ ಮೊಳೆಯಿಂದ ಗೀರಿ ನೋಡುತ್ತೀರಾ? ದಯವಿಟ್ಟು ಸೇತುವೆಯನ್ನು ಗೀರಬೇಡಿ. ಅದು ಎ ದರ್ಜೆಯ ಸಂರಕ್ಷಿತ ಕಟ್ಟಡ, ನಿಮ್ಮನ್ನು ಹಿಡಿದುಕೊಂಡು ಹೋದರೆ ನಾನು ಜಾಮೀನು ಕೊಡಲಾರೆ.

ಪರ್ತ್‌ವಾಸಿ:
ಅಯ್ಯೋ, ಖಂಡಿತ! ಬೇಲೂರಿನ ಕಲ್ಲಿನ ನಂಟು ಎಂದ ಕೂಡಲೇ ಅಮ್ಮನಿಗೆ ಆ ಊರಿನ ಮೇಲೆ ಪ್ರೀತಿ ಉಕ್ಕಿದೆ. ಬರುವ ವಾರ ಮತ್ತೆ ಹೋಗೋಣ ಎನ್ನುತ್ತಿದ್ದಾರೆ.

ಹಳೇಪುಟ ಅವರೇ, ಒಂದು ಪ್ರಶ್ನೆ. ಫಲಕ ಎರಡಿವೆ, ಒಂದು ಇಂಗ್ಲಿಷ್, ಇನ್ನೊಂದು ಲ್ಯಾಟಿನ್. ಒಂದನ್ನೇ ಎರಡು ಭಾಷೆಯಲ್ಲಿ ಬರೆದಿದ್ದಾರೆಯೇ?

ಹಳೇಪುಟ:
ಇಲ್ಲ ಮೇಡಂ, ಅದೇ ತಮಾಷೆ. ಇಂಗ್ಲಿಷ್ ಫಲಕ ಸರ್ಕಾರಿ ಸುತ್ತೋಲೆಯ ಹಾಗಿದೆ: ದೊರೆ ಎರಡನೆಯ ಜಾರ್ಜ್‌ನ ಅಪ್ಪಣೆಯಂತೆ ಕಟ್ಟಿದ್ದು, ಗುಡ್ಡಗಾಡಿಗೂ ತಗ್ಗುನಾಡಿನ ವ್ಯಾಪಾರದ ಪಟ್ಟಣಗಳಿಗೂ ಸುರಕ್ಷಿತವಾದ ಸುಲಭವಾದ ಸಂಪರ್ಕ ಏರ್ಪಡಿಸುವುದಕ್ಕಾಗಿ, ವೇಡ್‌ನ ಉಸ್ತುವಾರಿಯಲ್ಲಿ, ಇತ್ಯಾದಿ. ಲ್ಯಾಟಿನ್ ಫಲಕಕ್ಕೆ ಆ ಸಂಕೋಚವಿಲ್ಲ. ಅದನ್ನು ಬರೆದುಕೊಟ್ಟವರು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮುಖ್ಯೋಪಾಧ್ಯಾಯ ರಾಬರ್ಟ್ ಫ್ರೆಂಡ್. ರೋಮನ್ನರ ಎಲ್ಲೆಯನ್ನೂ ದಾಟಿ 250 ಮೈಲಿ ಹಬ್ಬಿರುವ ಈ ಸೈನಿಕ ಮಾರ್ಗವನ್ನು ಕಂಡು ಬೆರಗಾಗು ಎಂದು ಶುರುವಾಗುತ್ತದೆ. ಕಾಡುಜೌಗುಗಳನ್ನು ತುಳಿದು, ಬೆಟ್ಟಬಂಡೆಗಳನ್ನು ಸೀಳಿ, "ಸಿಟ್ಟಿಗೆದ್ದ ಟೇ" ನದಿಯ ಮೇಲೆ ನೀನು ಕಾಣುವಂತೆ ಹಾಸಿದೆ ಎಂಬ ಭಾವ. ನಮ್ಮ ಶಾಸನಗಳ ಪ್ರಶಸ್ತಿ ಭಾಗ ಓದಿದವರಿಗೆ ಈ ಧಾಟಿ ಗುರುತು ಸಿಗುತ್ತದೆ.

ನನಗೆ ಕಾಣುವುದು ಇಲ್ಲದ ಮೂರನೆಯ ಫಲಕ. 1733ರಲ್ಲಿ ಆ ಸುತ್ತಿನ ಜನ ಮಾತಾಡುತ್ತಿದ್ದದ್ದು ಗೇಲಿಕ್. ಊರಿನ ಹೆಸರೇ ಗೇಲಿಕ್‌ನಲ್ಲಿ ಒಬರ್ ಫೆಲ್ಲಿ, ಪೆಲ್ಲಿ ಎಂಬ ನೀರಿನ ಭೂತದ ಹಳ್ಳ ನದಿಗೆ ಸೇರುವ ಜಾಗ ಎಂದು ಹೇಳುತ್ತಾರೆ. ನದಿ ಅವರದು, ಭೂತ ಅವರದು, ಕ್ವಾರಿ ಅವರದು. ಸೇತುವೆಯ ಮೇಲೆ ಅವರ ಭಾಷೆಯ ಒಂದು ಅಕ್ಷರವೂ ಇಲ್ಲ. ನಮ್ಮಲ್ಲಿ ಎಷ್ಟೋ ರಾಜರು ಹೊರಗಿನಿಂದ ಬಂದು ಆಳಿದರೂ ದಾನಶಾಸನವನ್ನು ಊರವರಿಗೆ ತಿಳಿಯುವ ಕನ್ನಡದಲ್ಲಿ ಬರೆಸಿದ್ದಾರೆ, ಮೆರೆಯುವ ಭಾಗವನ್ನು ಸಂಸ್ಕೃತದಲ್ಲಿ ಇಟ್ಟರೂ. ವೇಡ್‌ಗೆ ಊರವರಿಗೆ ಹೇಳಬೇಕಾದ ಮಾತೇ ಇರಲಿಲ್ಲ.

ಸಂಶಯಪ್ಪ:
ಹಳೇಪುಟ ಅವರೇ, ನಿಮಗೆ ಎಲ್ಲದರಲ್ಲೂ ದಬ್ಬಾಳಿಕೆಯೇ ಕಾಣುತ್ತದೆ. ಯಾರು ಕಟ್ಟಿದರೇನು, ಸೇತುವೆಯಿಂದ ಊರಿಗೆ ಒಳ್ಳೆಯದಾಯಿತೋ ಇಲ್ಲವೋ? ನಮ್ಮ ಹಳ್ಳಿಯ ಹಳ್ಳಕ್ಕೆ ಮೋರಿ ಬೇಕೆಂದು ನಾವು ಇಪ್ಪತ್ತು ವರ್ಷ ಅರ್ಜಿ ಕೊಟ್ಟೆವು. ಯಾವ ಜನರಲ್ ಬಂದು ಕಟ್ಟಿಕೊಟ್ಟಿದ್ದರೂ ಹಾರ ಹಾಕುತ್ತಿದ್ದೆವು, ನಾಲ್ಕಲ್ಲ, ಎಂಟು ಕಂಬ ನೆಟ್ಟುಕೊಳ್ಳಲಿ.

ಹಳೇಪುಟ:
ಮೋರಿಯ ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿಲ್ಲ. ಸೇತುವೆಯಿಂದ ಊರು ಬೆಳೆಯಿತು, ನಿಜ. ಆದರೆ ಅದನ್ನು ಕಟ್ಟಿದ ಉದ್ದೇಶ ಏನಾಯಿತು ಎಂದೂ ಕೇಳಿ. 1745ರಲ್ಲಿ ಮತ್ತೆ ದಂಗೆ ಎದ್ದಿತು. ಸರ್ಕಾರದ ಸೇನಾಪತಿ ಜಾನ್ ಕೋಪ್ ಆಗಸ್ಟ್‌ನಲ್ಲಿ ಸೈನ್ಯ ತೆಗೆದುಕೊಂಡು ಕ್ರೀಫ್, ಅಬರ್‌ಫೆಲ್ಡಿ ದಾರಿಯಲ್ಲಿ ಉತ್ತರಕ್ಕೆ ಹೋದ, ಇದೇ ಸೇತುವೆಯ ಮೇಲೆ. ಅಷ್ಟರಲ್ಲಿ ಮುಂದಿನ ಕೊರಿಯಾರಿಕ್ ಕಣಿವೆಯ ವೇಡ್ ರಸ್ತೆಯನ್ನು ಜಾಕೊಬೈಟರು ಹಿಡಿದುಕೊಂಡಿದ್ದರು. ಕೋಪ್ ಹೆದರಿ ಬೇರೆ ದಿಕ್ಕಿಗೆ ತಿರುಗಿದ. ದಕ್ಷಿಣದ ದಾರಿ ತೆರೆದಿತ್ತು, ದಂಗೆಯ ನಾಯಕ, ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರಾ ಹೊಕ್ಕ. ಯಾರನ್ನು ಹಿಡಿಯಲು ರಸ್ತೆ ಹಾಕಿದರೋ ಅವರೇ ಅದರ ಮೇಲೆ ಓಡಿ ಬಂದರು. ಮುಂದೆ 1746ರ ಫೆಬ್ರವರಿಯಲ್ಲಿ ಹಿಮ್ಮೆಟ್ಟುವಾಗ ಚಾರ್ಲ್ಸ್ ಎರಡು ರಾತ್ರಿ ತಂಗಿದ್ದು ಸೇತುವೆಯ ಆಚೆ ದಡದ ಮೆಂಜೀಸ್ ಕೋಟೆಮನೆಯಲ್ಲಿ. ಏಪ್ರಿಲ್ 16ರಂದು ಕಲೋಡನ್ ಯುದ್ಧದಲ್ಲಿ ಜಾಕೊಬೈಟರು ಸೋತು ಎಲ್ಲವೂ ಮುಗಿಯಿತು.

ಕುಡ್ಲದ_ಅಳಿಯ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಸೇತುವೆಯ ಪಕ್ಕದ ಸೈನಿಕನ ಪ್ರತಿಮೆಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ! ಮೇಡಂ ನೋಡಿರಲೇಬೇಕು. ಕಲ್ಲುರಾಶಿಯಂಥ ಎತ್ತರದ ಪೀಠದ ಮೇಲೆ ಗುಡ್ಡಗಾಡಿನ ಉಡುಪಿನ ಸಿಪಾಯಿ. ಅದು ಬ್ಲ್ಯಾಕ್ ವಾಚ್ ರೆಜಿಮೆಂಟಿನ ಸ್ಮಾರಕ, 1887ರದು. ಹಳೇಪುಟ ಅವರು ಹೇಳಿದ ವೇಡ್‌ನ ಕಾವಲು ಪಡೆಗಳೇ 1739ರಲ್ಲಿ ಸೇರಿ ರೆಜಿಮೆಂಟ್ ಆಯಿತು. 1740ರಲ್ಲಿ ಇಡೀ ದಳ ಮೊದಲ ಬಾರಿಗೆ ಒಟ್ಟಾಗಿ ನಿಂತದ್ದು ಅಬರ್‌ಫೆಲ್ಡಿಯ ಆ ನದಿಬಯಲಿನಲ್ಲಿ. ಆಗ ಸೇತುವೆಗೆ ಏಳು ವರ್ಷ.

ಈಗ ನಮ್ಮ ಊರಿಗೆ ಬನ್ನಿ. ಆ ರೆಜಿಮೆಂಟಿನ ಯುದ್ಧಗೌರವಗಳ ಪಟ್ಟಿಯಲ್ಲಿ ಮೂರು ಹೆಸರು ಇವೆ: ಮೈಸೂರು, ಮಂಗಳೂರು, ಶ್ರೀರಂಗಪಟ್ಟಣ.

1783ರ ಮೊದಲ ತಿಂಗಳುಗಳಲ್ಲಿ ಕಂಪನಿ ಸೈನ್ಯ ಬಿದನೂರನ್ನೂ ಮಾರ್ಚ್‌ನಲ್ಲಿ ಮಂಗಳೂರನ್ನೂ ಹಿಡಿಯಿತು. ಟಿಪ್ಪು ಬಂದು ಏಪ್ರಿಲ್ ಕೊನೆಗೆ ಬಿದನೂರನ್ನು ಮರಳಿ ಪಡೆದು, ಮೇ ತಿಂಗಳಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಇದ್ದದ್ದು ಬ್ಲ್ಯಾಕ್ ವಾಚ್‌ನ ಎರಡನೆಯ ಬೆಟಾಲಿಯನ್ನಿನವರು ಮತ್ತು ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿದ್ದ ಭಾರತೀಯ ಸಿಪಾಯಿಗಳು. ನಾಯಕ ಜಾನ್ ಕ್ಯಾಂಪ್‌ಬೆಲ್. ಆಗಸ್ಟ್‌ನಲ್ಲಿ ಕದನವಿರಾಮವಾದರೂ ಅನ್ನ ಬರಲಿಲ್ಲ. ಮಳೆಗಾಲ, ರೋಗ, ಹಸಿವು. 1784ರ ಜನವರಿ ಕೊನೆಗೆ ಶರಣಾಗಿ, ಆಯುಧ ಸಮೇತ ಗೌರವದಿಂದ ತಲಶ್ಶೇರಿಗೆ ಹೊರಟರು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಅದೇ ತಿಂಗಳು ಕ್ಯಾಂಪ್‌ಬೆಲ್ ಮುಂಬಯಿಯಲ್ಲಿ ಸತ್ತ. ಆ ಕೋಟೆಯೇ ಈಗ ಮಂಗಳೂರಿನಲ್ಲಿ ಉಳಿದಿಲ್ಲ. ಟಿಪ್ಪುವಿನ ಕಾವಲು ಗೋಪುರ ಸುಲ್ತಾನ್ ಬತ್ತೇರಿ ಒಂದು ನಿಂತಿದೆ, ಜನ ಅಲ್ಲಿಗೆ ಸಂಜೆ ಗಾಳಿಗೆ ಹೋಗುತ್ತಾರೆ.

ನನ್ನ ಮಾವನವರ ಮನೆ ಆ ಬತ್ತೇರಿಯಿಂದ ಹತ್ತು ನಿಮಿಷ. ಸ್ಕಾಟ್ಲೆಂಡಿನ ಹಳ್ಳಿಯ ಹುಡುಗರು ಇಲ್ಲಿನ ಜುಲೈ ಮಳೆಯಲ್ಲಿ ಕೂತಿದ್ದರು ಎಂದು ಹೇಳಿದರೆ ಅವರು ನಂಬುವುದಿಲ್ಲ, "ಅಲ್ಲಿ ಮಳೆ ಇಲ್ಲವೇ?" ಎಂದು ಕೇಳುತ್ತಾರೆ.

ಪಶ್ಚಿಮವಾಹಿನಿ:
ನಾನು ಶ್ರೀರಂಗಪಟ್ಟಣದವನು, ಹಾಗಾಗಿ ಸುಮ್ಮನಿರಲಾರೆ. 1799ರ ಮೇ 4ರಂದು ಕೋಟೆಗೆ ನುಗ್ಗಿದವರಲ್ಲಿ 73ನೆಯ ರೆಜಿಮೆಂಟ್ ಇತ್ತು. ಅದು ಬ್ಲ್ಯಾಕ್ ವಾಚ್‌ನದೇ. ಮುಂದೆ ನಿಂತು ನುಗ್ಗಿಸಿದ ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡಿನವನು. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರನ ಕೈಗೆ ಸಿಕ್ಕಾಗ ಅವನಿದ್ದದ್ದೂ 73ರಲ್ಲಿಯೇ. ನಮ್ಮ ಊರಿನ ಸೆರೆಮನೆಯಲ್ಲಿ ಸರಪಳಿ ಹಾಕಿಸಿಕೊಂಡು ಮೂರೂವರೆ ವರ್ಷಕ್ಕೂ ಹೆಚ್ಚು ಕೊಳೆತಿದ್ದ.

ಹಳೇಪುಟ:
ಪಶ್ಚಿಮವಾಹಿನಿ ಅವರೇ, ಅರ್ಧ ಸರಿ. ಈ ಸಂಖ್ಯೆಗಳು ಎಲ್ಲರನ್ನೂ ಎಡವಿಸುತ್ತವೆ. 1780ರಲ್ಲಿ ಬೇರ್ಡ್ ಇದ್ದ 73 ಮ್ಯಾಕ್ಲಿಯಾಡರ ಪಡೆ, 1786ರಲ್ಲಿ ಅದಕ್ಕೆ 71 ಎಂದು ಸಂಖ್ಯೆ ಬದಲಾಯಿತು. ಅದೇ ವರ್ಷ ಮಂಗಳೂರಿನಲ್ಲಿದ್ದ ಬ್ಲ್ಯಾಕ್ ವಾಚ್‌ನ ಎರಡನೆಯ ಬೆಟಾಲಿಯನ್ನಿಗೆ ಖಾಲಿಯಾದ 73 ಕೊಟ್ಟರು. 1799ರಲ್ಲಿ ನಿಮ್ಮ ಊರಿಗೆ ಬಂದದ್ದು ಈ ಎರಡನೆಯ 73. ಅದು 1881ರಲ್ಲಿ ಮತ್ತೆ ಬ್ಲ್ಯಾಕ್ ವಾಚ್ ಜೊತೆ ಸೇರಿತು, ಅದರೊಂದಿಗೆ ನಮ್ಮ ಮೂರು ಹೆಸರುಗಳೂ ಅಬರ್‌ಫೆಲ್ಡಿಯ ಪಡೆಗೆ ಹೋದವು.

ಪಶ್ಚಿಮವಾಹಿನಿ:
ತಿದ್ದಿದ್ದಕ್ಕೆ ಧನ್ಯವಾದ, ಬೇರ್ಡ್ ಬಗ್ಗೆ ನಾನು ಇಷ್ಟು ದಿನ ತಪ್ಪಾಗಿಯೇ ಹೇಳಿಕೊಂಡು ಬಂದಿದ್ದೆ.

ಸೇತುವೆಗೇ ಬರುತ್ತೇನೆ. ಆ ಯುದ್ಧವಾದ ಐದು ವರ್ಷಕ್ಕೆ, 1804ರಲ್ಲಿ, ನಮ್ಮ ಊರಿನಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಗೆದ್ದವನ ಹೆಸರು ಸೇತುವೆಗೆ ಅಂಟುವುದು ಇಲ್ಲಿಯೂ ತಪ್ಪಲಿಲ್ಲ. ಆದರೆ ಕಟ್ಟಿದ ರೀತಿ ಪೂರ್ತಿ ನಮ್ಮದು: ಕಮಾನೇ ಇಲ್ಲ. ಉದ್ದನೆಯ ಕಲ್ಲಿನ ಕಂಬಗಳು, ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ಗುಡಿಯ ಮುಖಮಂಟಪವನ್ನೇ ನದಿಗೆ ಅಡ್ಡ ಎಳೆದಂತೆ. ಇಂಜಿನಿಯರ್ ಸರ್, ಇದಕ್ಕೂ ಗೂಟ ಹೊಡೆದಿದ್ದರೇ?

ನಿವೃತ್ತ_ಇಂಜಿನಿಯರ್:
ಇಲ್ಲ. ನಿಮ್ಮಲ್ಲಿ ಕಾವೇರಿಯ ತಳ ಬಂಡೆ. ಬಂಡೆಯಲ್ಲಿ ಗುಳಿ ಕೊರೆದು ಕಂಬ ನಿಲ್ಲಿಸಿದರೆ ಸಾಕು. ಟೇ ನದಿಯವರಿಗೆ ಆ ಭಾಗ್ಯವಿರಲಿಲ್ಲ. ಇನ್ನೊಂದು ಲೆಕ್ಕ ಇದೆ. ಚಪ್ಪಡಿಯಲ್ಲಿ ಕೆಳಮೈಗೆ ಎಳೆತ ಬರುತ್ತದೆ, ಆದ್ದರಿಂದ ಹೆಚ್ಚು ಉದ್ದಕ್ಕೆ ಚಾಚಲಾಗದು, ಹತ್ತಿರ ಹತ್ತಿರ ಕಂಬ ಬೇಕು. ಕಂಬ ಹೆಚ್ಚಾದಷ್ಟೂ ಪ್ರವಾಹದಲ್ಲಿ ಬಂದ ಮರ, ಕೊರಡು ಸಿಕ್ಕಿಕೊಳ್ಳುತ್ತದೆ. ಕಮಾನಿಗೆ 60 ಅಡಿ ಬಾಯಿ ತೆರೆಯಬಹುದು. 1993ರ ಜನವರಿಯಲ್ಲಿ ಟೇ ಕಣಿವೆಯಲ್ಲಿ ಭಾರೀ ಪ್ರವಾಹ ಬಂದು ಪರ್ತ್‌ನಲ್ಲಿ ಮನೆಗಳೇ ಮುಳುಗಿದವು, ಅಬರ್‌ಫೆಲ್ಡಿಯ ಐದು ಬಾಯಿಗಳು ನೀರು ಕುಡಿದು ಬಿಟ್ಟವು.

ಆದರೆ ಸಿಗ್ನಲ್ ಇಲ್ಲದೆ ಎರಡು ಎತ್ತಿನ ಗಾಡಿ ಎದುರುಬದುರು ಬರಬೇಕೆಂದರೆ ನಾನು ಪೂರ್ಣಯ್ಯನವರ ಸೇತುವೆಯನ್ನೇ ಆರಿಸುತ್ತೇನೆ. ಉಬ್ಬು ಇಲ್ಲ, ಎತ್ತಿಗೆ ಏದುಸಿರಿಲ್ಲ.

ಕಾಲುದಾರಿ:
ಬೇರ್ಡ್ ವಿಷಯ ಬಂದದ್ದರಿಂದ ಪರ್ತ್‌ವಾಸಿ ಅವರಿಗೆ ಒಂದು ಸೂಚನೆ. ಅಬರ್‌ಫೆಲ್ಡಿಯಿಂದ ದಕ್ಷಿಣಕ್ಕೆ ಕ್ರೀಫ್ ಇದೆ. ಕ್ರೀಫ್ ಮತ್ತು ಕಾಮ್ರಿ ನಡುವಿನ ಗುಡ್ಡದ ಮೇಲೆ ಬೇರ್ಡ್‌ನ ಹೆಂಡತಿ 1832ರಲ್ಲಿ ಅವನಿಗಾಗಿ ಕಟ್ಟಿಸಿದ ಸ್ತಂಭವಿದೆ. ಅದೂ ಒಬೆಲಿಸ್ಕೇ! ನಿಮ್ಮ ತಾಯಿಯವರಿಗೆ ಐದನೆಯ ಗರುಡಗಂಬ. ಅವನು ಸೆರೆ ಸಿಕ್ಕ ಸುದ್ದಿ, ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸರಪಳಿಯಿಂದ ಬಿಗಿದಿದ್ದಾರೆ ಎಂಬ ಸುದ್ದಿ ಊರಿಗೆ ಮುಟ್ಟಿದಾಗ, ಅವನ ತಾಯಿ "ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಗತಿ ಏನಪ್ಪಾ" ಎಂದಳಂತೆ. ಮಗನ ಮುಂಗೋಪ ತಾಯಿಗೆ ಗೊತ್ತಿರುವುದಿಲ್ಲವೇ.

ಕುಡ್ಲದ_ಅಳಿಯ:
ಒಂದು ಮಾತು ಸೇರಿಸಿಬಿಡುತ್ತೇನೆ. ಸೇತುವೆ ಪಕ್ಕದ ಆ ಪ್ರತಿಮೆಯ ಸಿಪಾಯಿ ಫಾರ್ಕರ್ ಷಾ ಎಂಬವನ ರೂಪ ಎಂಬ ಮಾತಿದೆ. ತಮ್ಮ ನಾಡು ಬಿಟ್ಟು ಹೋಗಬೇಕಾಗಿಲ್ಲ ಎಂದು ನಂಬಿ ಸೇರಿದ್ದ ಹುಡುಗರನ್ನು 1743ರಲ್ಲಿ ಲಂಡನ್ನಿಗೆ ಕರೆದೊಯ್ದರು. ಹಡಗು ಹತ್ತಿಸಿ ದೂರದ ದ್ವೀಪಗಳಿಗೆ ಸಾಗಿಸುತ್ತಾರೆ ಎಂಬ ಸುದ್ದಿ ಹಬ್ಬಿ, ನೂರಾರು ಜನ ಊರಿನ ದಾರಿ ಹಿಡಿದು ಹೊರಟರು. ಹಿಡಿದು ತಂದು ಮೂವರನ್ನು ಲಂಡನ್ ಗೋಪುರದ ಬಳಿ ಗುಂಡಿಟ್ಟು ಕೊಂದರು. ಆ ಮೂವರಲ್ಲಿ ಒಬ್ಬ ಈ ಷಾ. ರೆಜಿಮೆಂಟು ಕೊಂದವನೇ ರೆಜಿಮೆಂಟಿನ ಸ್ಮಾರಕದ ಮೇಲೆ ನಿಂತಿದ್ದಾನೆ. ನಾಲ್ಕು ಕಂಬಗಳಿಗಿಂತ ನನಗೆ ಇದನ್ನು ನೋಡುವ ಆಸೆ.

ಸಂಶಯಪ್ಪ:
ಇದು ನನಗೆ ಗೊತ್ತಿರಲಿಲ್ಲ. ಹಳೇಪುಟ ಅವರ ಮೇಲೆ ಸ್ವಲ್ಪ ಜೋರು ಮಾಡಿದೆ ಎನಿಸುತ್ತಿದೆ. ಮೋರಿಯ ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪರ್ತ್‌ವಾಸಿ:
ನಿನ್ನೆ ಮತ್ತೆ ಹೋಗಿ ಬಂದೆವು. ಎಲ್ಲರಿಗೂ ವರದಿ ಒಪ್ಪಿಸುತ್ತೇನೆ.

ಲ್ಯಾಟಿನ್ ಫಲಕದ ಮುಂದೆ ಅಮ್ಮನಿಗೆ "ಸಿಟ್ಟಿಗೆದ್ದ ಟೇ" ಎಂದು ಓದಿ ಹೇಳಿದೆ. ಅವರು ಗೋಡೆಯ ಸಂದಿಯಲ್ಲಿ ಇಣುಕಲು ಹೋಗಿ, ಏನೂ ಕಾಣದೆ, ನದಿ ಸಿಟ್ಟಾಗಿದೆಯೋ ಇಲ್ಲವೋ ಎಂದು ನೋಡಲು ದಡಕ್ಕೇ ಇಳಿದರು. ಸಿಟ್ಟೇನೂ ಇರಲಿಲ್ಲ. ಸಂಜೆ ಬಿಸಿಲಿಗೆ ಕಲ್ಲು ನಿಜವಾಗಿಯೂ ಹಸಿರಾಗುತ್ತದೆ, ಕಾಲುದಾರಿ ಅವರು ಹೇಳಿದ ಜಾಗ ಸರಿಯಾಗಿದೆ. ಪ್ರತಿಮೆಯ ಸಿಪಾಯಿಯ ಕಥೆ ಹೇಳಿದ ಮೇಲೆ ಅಮ್ಮ ಅವನ ಮುಖ ನೋಡುತ್ತಾ ಬಹಳ ಹೊತ್ತು ನಿಂತರು. ಮಂಗಳೂರಿಗೆ ಹೋದವರು ಇವನ ಊರಿನವರೇ ಎಂದೆ. "ಇವನ ಮಾತು ನಿಜವಾಯಿತಲ್ಲ, ದೂರ ಕಳುಹಿಸಿಯೇಬಿಟ್ಟರು" ಎಂದರು.

ಬಳಪದಕಲ್ಲು ಅವರೇ, ನಿಮ್ಮ ಪರೀಕ್ಷೆಯೂ ಆಯಿತು. ಹಸಿರು ಛಾಯೆಯ ಚಪ್ಪಟೆ ಬಿಡಿಗಲ್ಲು ಸಿಕ್ಕಿತು. ಮೊಳೆಗೆ ಬೂದುಬಿಳಿ ಗೀರು ಬಿತ್ತು, ಉಗುರಿಗೆ ಬೀಳಲಿಲ್ಲ. ಅಮ್ಮ ಅದನ್ನು ಕಸಿದುಕೊಂಡು ದಡದ ಇನ್ನೊಂದು ಕರಿಗಲ್ಲಿನ ಮೇಲೆ "ಶ್ರೀ" ಬರೆಯಲು ನೋಡಿದರು. ಬಲ ಹಾಕಿದರೂ ಮಾಸಲು ಗೆರೆಯೊಂದೇ ಮೂಡಿತು. "ಬಳಪವಲ್ಲ. ಆದರೆ ದಾಯಾದಿ ಇರಬಹುದು" ಎಂದು ತೀರ್ಪು ಕೊಟ್ಟರು.

ಬಳಪದಕಲ್ಲು:
ನನ್ನ ಪ್ರಾಧ್ಯಾಪಕರು ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ. ಕಲ್ಲನ್ನು ಅಲ್ಲೇ ಬಿಟ್ಟು ಬಂದಿರಿ ತಾನೇ?

ಪರ್ತ್‌ವಾಸಿ:
ನಾನು ಬಿಟ್ಟು ಬಂದೆ. ಅಮ್ಮನ ಕೈಚೀಲವನ್ನು ಇನ್ನೂ ನೋಡಿಲ್ಲ.